ನಲವತ್ತೆಂಟು ಹೆಣ್ಣಿಲಿ, ಒಬ್ಬಳು ಮಗಳು

ಬೆಳಿಗ್ಗೆ ಐದೂಮುಕ್ಕಾಲು. ಹೊರಗೆ ಕೇಪ್ ಟೌನಿನ ಆಗ್ನೇಯ ಗಾಳಿ ಕಸದ ಡಬ್ಬಗಳನ್ನು ರಸ್ತೆಯುದ್ದಕ್ಕೂ ಉರುಳಿಸಿಕೊಂಡು ಹೋಗುತ್ತಿದೆ. ವಿಶ್ವವಿದ್ಯಾಲಯದ ಹಿಂಬದಿಯ ನೆಲಮಾಳಿಗೆಯಲ್ಲಿ ಅದರ ಸದ್ದಿಲ್ಲ. ವಿಲ್ಮೀನಾ ಫಿಲಾಂಡರ್ ಕೈಗವಸು ಎಳೆದುಕೊಂಡು ಮೊದಲ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಾರೆ. ಬಿಳಿ ಹೆಣ್ಣಿಲಿಯೊಂದನ್ನು ಎತ್ತಿ ಎಡಗೈ ಮೇಲೆ ಕೂರಿಸಿಕೊಂಡು, ಬಾಲವನ್ನು ಎರಡು ಬೆರಳಲ್ಲಿ ಮೇಲಕ್ಕೆ ಹಿಡಿದು, ಒದ್ದೆ ಹತ್ತಿಯ ಕಡ್ಡಿಯನ್ನು ಬಾಲದ ಬುಡದ ಯೋನಿದ್ವಾರಕ್ಕೆ ಮೆತ್ತಗೆ ತಾಗಿಸಿ ತೆಗೆಯುತ್ತಾರೆ. ಗಾಜಿನ ಪಟ್ಟಿಗೆ ಒರೆಸುತ್ತಾರೆ. ಇಲಿ ಮತ್ತೆ ಪೆಟ್ಟಿಗೆಯೊಳಕ್ಕೆ. ಎಲ್ಲ ಸೇರಿ ಹನ್ನೊಂದು ಸೆಕೆಂಡು.

"ಏಯ್, ಸುಮ್ನಿರೇ ತಾಯಿ. ನಿನ್ನ ಗುಟ್ಟು ಬೀದಿಗೆ ಹೇಳ್ತೀನಾ ನಾನು?" ಎಂದು ಎರಡನೆಯದನ್ನು ಗದರಿಸುತ್ತಾರೆ.

ಐವತ್ತೆಂಟರ ಈ ಹೆಂಗಸನ್ನು ವಿಜ್ಞಾನಿಯಿಂದ ಕಾವಲುಗಾರನವರೆಗೆ ಎಲ್ಲರೂ ಕರೆಯುವುದು ಮಿನಾ ಆಂಟಿ ಎಂದೇ. ನಲವತ್ತೆಂಟು ಹೆಣ್ಣಿಲಿ, ನಲವತ್ತೆಂಟು ಗಂಡಿಲಿ ಅವರ ಸುಪರ್ದಿಯಲ್ಲಿವೆ. ಹೆಣ್ಣಿಲಿಗಳಿಗೆ ದಿನವೂ ಹೀಗೆ ಕಡ್ಡಿ ತಾಗಿಸಬೇಕು. ವರ್ಷಕ್ಕೆ ಹದಿನೇಳು ಸಾವಿರದ ಐನೂರ ಇಪ್ಪತ್ತು ಸಲ. ಕ್ರಿಸ್‌ಮಸ್ ಇಲ್ಲ, ಗುಡ್ ಫ್ರೈಡೇ ಇಲ್ಲ. ಇಲಿಯ ಮೈಗೆ ಭಾನುವಾರ ಗೊತ್ತಿಲ್ಲವಲ್ಲ! ಒಂದು ದಿನ ತಪ್ಪಿದರೆ ಒಂದು ತಿಂಗಳ ಕೆಲಸ ನೀರುಪಾಲು.

ಕೈ ಪಳಗಿದೆ, ಕೆಲಸ ತಾನಾಗಿ ಸಾಗುತ್ತದೆ. ಮನಸ್ಸು ಮಾತ್ರ ಮನೆಯಲ್ಲಿದೆ. ಮುಂಜಾನೆ ಎಲ್ಸೀಸ್ ರಿವರ್ ಬಡಾವಣೆಯ ತಮ್ಮ ಮನೆಯಿಂದ ಹೊರಡುವಾಗ, ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಮಗಳು ಶಾಂಡ್ರೆ, ಮುಖ ಎತ್ತದೆ ಒಂದು ಮಾತು ಹೇಳಿದ್ದಾಳೆ. "ಇವತ್ತು ಕಷ್ಟ, ಮಮ್ಮಿ." ಆಕೆ ಟಿಕ್ ಸೇದುವುದನ್ನು ಬಿಟ್ಟು ಇವತ್ತಿಗೆ ಎಪ್ಪತ್ತೊಂದನೆಯ ದಿನ. ಗಾಜಿನ ಬುರುಡೆಯಲ್ಲಿ ಕಾಯಿಸಿ ಹೊಗೆ ಎಳೆಯುವ ಆ ನಶೆಯ ಬಿಳಿ ಹರಳು ಅವರ ಮನೆಯಿಂದ ನಾಲ್ಕು ಬಾಗಿಲು ದಾಟಿದರೆ ಸಿಗುತ್ತದೆ, ಆ ಬಾಗಿಲು ಮುಂಜಾನೆಯೂ ತೆರೆದಿರುತ್ತದೆ.

ಇಲಿಮನೆಯೊಳಗೆ ಫೋನು ತರುವ ಹಾಗಿಲ್ಲ. ಅದು ಬಟ್ಟೆ ಬದಲಿಸುವ ಕೋಣೆಯ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ. ಹನ್ನೆರಡೂವರೆಗೆ ಊಟದ ಬಿಡುವು. "ಇನ್ನೂ ಆರೂವರೆ ತಾಸಿದೆ," ಎನ್ನುತ್ತಾರೆ ಮಿನಾ ಆಂಟಿ. "ಅಷ್ಟರಲ್ಲಿ ಏನ್ ಬೇಕಾದ್ರೂ ಆಗಬಹುದು. ಹೊಗೆ ಎಳೆಯೋಕೆ ಅರ್ಧ ನಿಮಿಷ ಸಾಕು. ಜೀವ ಬಾಯಿಗೆ ಬಂದು ಕೂತಿದೆ ನೋಡಿ. ಆದ್ರೂ ಬಂದೆ. ನೀನು ಎದುರಿಗಿದ್ರೆ ನಂಗೆ ಉಸಿರು ಕಟ್ಟುತ್ತೆ, ಹೋಗು ಅಂದ್ಲು. ಬಂದೆ."

ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು ಮುಂದಿನ ಕೆಲಸ. ಹೆಣ್ಣಿಲಿಯ ಮೈ ನಾಲ್ಕು ದಿನಕ್ಕೊಮ್ಮೆ ಒಂದು ಸುತ್ತು ತಿರುಗುತ್ತದೆ, ಹೆಂಗಸಿನ ತಿಂಗಳ ಹಾಗೆ. ಒಂದು ದಿನ ದುಂಡು ದುಂಡು ಕಣ, ಒಂದು ದಿನ ಒಣ ಚಕ್ಕೆ, ಆಮೇಲೆ ಎರಡು ದಿನ ಸಣ್ಣ ಚುಕ್ಕಿಗಳ ಗುಂಪು. "ಚಕ್ಕೆ ದಿನ ಅಂದ್ರೆ ತಟ್ಟೆಗೆ ಕಾರ್ನ್‌ಫ್ಲೇಕ್ಸ್ ಚೆಲ್ಲಿದ ಹಾಗೆ. ಕಣ್ಣು ಮುಚ್ಕೊಂಡು ಹೇಳ್ತೀನಿ." ಕಣ್ಣು ಮುಚ್ಚಿಕೊಂಡರೆ ಕಾಣುವುದು ಹೇಗೆ ಎಂದು ಕೇಳಿದರೆ, "ಹೋಗ್ರೀ, ನಿಮಗೆ ಎಲ್ಲಾ ಬಿಡಿಸಿ ಹೇಳಬೇಕು," ಎಂದು ನಗುತ್ತಾರೆ. ಇವತ್ತಿನ ಮೊದಲ ನಗು ಅದು. ಬಂದಷ್ಟೇ ಬೇಗ ಮಾಯವೂ ಆಗುತ್ತದೆ.

ಪಕ್ಕದ ಕೋಣೆಯಲ್ಲಿ ಇಲಿಗಳು ಒತ್ತುವ ತೊಂಬತ್ತಾರು ಗುಂಡಿಗಳಿವೆ. ಒಂದೊಂದು ಇಲಿಯ ಬೆನ್ನಿನಿಂದ ಕೂದಲಿನಷ್ಟು ಸಪೂರ ಕೊಳವೆ ರಕ್ತನಾಳಕ್ಕೆ ಇಳಿದಿದೆ. ಗುಂಡಿ ಒತ್ತಿದರೆ ದೀಪ ಹೊತ್ತಿ ಒಂದು ತೊಟ್ಟು ಮದ್ದು. ಬೀದಿಯಲ್ಲಿ ಟಿಕ್ ಎನ್ನುವುದನ್ನೇ ಇಲ್ಲಿ ಉದ್ದನೆಯ ಹೆಸರಿಟ್ಟು ಬಾಟಲಿಯಲ್ಲಿ ಇಟ್ಟಿದ್ದಾರೆ. ಗಂಡಿಗೂ ಹೆಣ್ಣಿಗೂ ಮೈತೂಕಕ್ಕೆ ತಕ್ಕ ಒಂದೇ ಅಳತೆ, ಒಂದೇ ಕಾಳು, ಒಂದೇ ಬೆಳಕು. ಆದರೂ ಈ ಕೋಣೆಯಲ್ಲಿ ಗುಂಡಿಯ ದಾರಿ ಮೊದಲು ಕಲಿಯುವುದು ಹೆಣ್ಣು. ಹೆಚ್ಚು ಸಲ ಒತ್ತುವುದು ಹೆಣ್ಣು. ವಾರಗಟ್ಟಲೆ ಮದ್ದು ನಿಲ್ಲಿಸಿ, ಎಲ್ಲ ಮರೆತಿರಬೇಕು ಎಂದುಕೊಂಡು ದೀಪ ಮಾತ್ರ ಹೊತ್ತಿಸಿದರೆ, ಮೊದಲು ಓಡಿ ಬರುವುದೂ ಹೆಣ್ಣೇ. ಚಕ್ಕೆ ದಿನ ಬಂದರಂತೂ ಕೇಳುವುದೇ ಬೇಡ, ಟಕಟಕ ಸದ್ದು ಗೋಡೆಯಾಚೆಗೂ ಬರುತ್ತದೆ.

"ಆ ಸದ್ದು ಕೇಳಿದ್ರೆ ನಂಗೆ ಭಯ," ಎನ್ನುತ್ತಾರೆ ಮಿನಾ ಆಂಟಿ. "ಏಳು ವರ್ಷ ಆಯ್ತು, ಇನ್ನೂ ಭಯ. ಅಲ್ಲಿ ಮದ್ದಿಲ್ಲ, ಬರೀ ದೀಪ. ಒಂದು ಇಲಿ ಇನ್ನೂರ ಹನ್ನೆರಡು ಸಲ ಒತ್ತಿತ್ತು. ಖಾಲಿ ಗುಂಡಿ! ಕೈ ಸೋತರೆ ಮೂಗಲ್ಲಿ ಒತ್ತುತ್ತೆ."

ಹದಿನೇಳು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕೊರಳುಪಟ್ಟಿ ಹೊಲಿದವರು ಇವರು. ಕಾರ್ಖಾನೆ ಮುಚ್ಚಿದ ಮೇಲೆ ಈ ಕಟ್ಟಡದ ನೆಲ ಒರೆಸಲು ಬಂದರು. ಒರೆಸುತ್ತಾ ಒರೆಸುತ್ತಾ ಇಲಿಮನೆಯ ಬಾಗಿಲಿಗೆ ಬಂದು ನಿಂತು, ಅಲ್ಲೇ ಉಳಿದುಬಿಟ್ಟರು. ಹದಿನಾಲ್ಕು ವರ್ಷವಾಯಿತು. ಮೊದಲ ಏಳು ವರ್ಷ ಬರೀ ಗಂಡಿಲಿಗಳು. ಹೆಣ್ಣು ಬೇಡ, ಅದು ದಿನಕ್ಕೊಂದು ಥರ, ಅಂಕಿಅಂಶ ಕೆಡುತ್ತದೆ ಎನ್ನುತ್ತಿದ್ದರಂತೆ ಆಗಿನ ದೊಡ್ಡವರು. ಗಂಡಿನ ಮೆದುಳು ನೋಡಿ ಹೆಣ್ಣಿನ ಮೆದುಳಿಗೂ ಅದೇ ಎಂದು ಬರೆದುಬಿಡುವುದು! ಎಂಥ ಸುಲಭದ ಕೆಲಸ ನೋಡಿ. ಡಾ. ಲುಲಾಮಾ ದ್ಯಾನಿ ಎಂಬ ಗಿಡ್ಡ ಮೈಕಟ್ಟಿನ, ಜೋರು ಬಾಯಿಯ ವಿಜ್ಞಾನಿ ಬಂದ ಮೇಲೆ ಹೆಣ್ಣಿಲಿಗಳು ಬಂದವು. ಕಡ್ಡಿ ಹಿಡಿಯುವುದನ್ನು ಮಿನಾ ಆಂಟಿಗೆ ಕಲಿಸಿದವರೂ ಅವರೇ.

ಶಾಂಡ್ರೆಗೆ ಈಗ ಇಪ್ಪತ್ತಾರು. ಇಪ್ಪತ್ತೊಂದರಲ್ಲಿ, ತನ್ನ ಜೊತೆಗಾರ ಎಲ್ರಿಕೋನ ಕೋಣೆಯಲ್ಲಿ ಮೊದಲ ಸಲ ಹೊಗೆ ಎಳೆದಳು. ಅವನಿಗೂ ಅವತ್ತೇ ಮೊದಲು. ಒಂದೇ ಗಾಜಿನ ಬುರುಡೆ, ಅವನೊಮ್ಮೆ, ಇವಳೊಮ್ಮೆ. ಸಮಪಾಲು ಎಂಬ ಪ್ರೀತಿ ಬೇರೆ. ಅವನು ಬಂದರಿನ ಕೆಲಸಕ್ಕೆ ಹೋಗುತ್ತಾ, ಶನಿವಾರ ಭಾನುವಾರ ಸೇದುತ್ತಾ ನಾಲ್ಕು ವರ್ಷ ಇಸ್ತ್ರಿ ಅಂಗಿಯಲ್ಲೇ ಓಡಾಡಿದ. ಇವಳು ಎಂಟೇ ತಿಂಗಳಲ್ಲಿ ಮುಗಿದುಹೋದಳು. ಅಂಗಡಿಯ ಕೆಲಸ ಹೋಯಿತು, ಹಲ್ಲು ಎರಡು ಹೋದವು, ಮನೆಯಿಂದ ಕೆಟಲ್ಲು, ಇಸ್ತ್ರಿಪೆಟ್ಟಿಗೆ, ಅಜ್ಜಿಯ ಮದುವೆಯ ಉಂಗುರ ಹೋದವು.

ಬೀದಿ ಸುಮ್ಮನಿರುತ್ತದೆಯೇ? ಪಾಪ, ಎಲ್ರಿಕೋ ಒಳ್ಳೆ ಹುಡುಗ, ಇವಳೇ ನಡತೆಗೆಟ್ಟವಳು ಎಂದಿತು. ಚರ್ಚಿನಲ್ಲೂ ಅದೇ ಮಾತು. ತಾಯಿಯೂ ಅದನ್ನೇ ಅಂದರು. ಬರೀ ಅಂದದ್ದಲ್ಲ, ಮಗಳ ಬಟ್ಟೆಗಳನ್ನು ಕಪ್ಪು ಚೀಲಕ್ಕೆ ತುಂಬಿ ಗೇಟಿನಾಚೆ ಇಟ್ಟರು.

"ಬಾಯಾರೆ ಅಂದೆ ನಾನು," ಎನ್ನುತ್ತಾರೆ ಮಿನಾ ಆಂಟಿ. ಕಡ್ಡಿಗಳನ್ನು ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದ್ದಾರೆ. "ಅವನಿಗಿಲ್ಲದ ಚಟ ನಿನಗ್ಯಾಕೆ ಬಂತು, ನಿನ್ನ ನಡತೆ ಸರಿ ಇಲ್ಲ, ಹೋಗು ಅಂದೆ. ಎರಡು ವರ್ಷ ನೋಡ್ಲಿಲ್ಲ. ಮನೇಲಿ ಹಾಗೆ, ಇಲ್ಲಿ ದಿನಾ ಬೆಳಿಗ್ಗೆ ಈ ಹೆಣ್ಣಿಲಿಗಳು ಗುಂಡಿ ಒತ್ತೋದನ್ನ ನೋಡ್ತಿದ್ದೆ. ನೋಡ್ತಾನೇ ಇದ್ದೆ. ಒಂದು ದಿನ ಹೊಳೀತು. ಪಕ್ಕದ ಪೆಟ್ಟಿಗೆ ಗಂಡು ನಿದ್ದೆ ಮಾಡ್ತಿದೆ, ಈ ಹೆಣ್ಣು ಒತ್ತಿ ಒತ್ತಿ ಸಾಯ್ತಿದೆ. ಇಲಿಗೆ ಎಲ್ಲಿಂದ ಬಂತು ರೀ ನಡತೆ? ಇಲಿ ಯಾವ ಚರ್ಚಿಗೆ ಹೋಗೋದು ಬಿಟ್ಟಿತ್ತು? ಇಲ್ಲೇ ನೆಲದ ಮೇಲೆ ಕೂತು ಅತ್ತೆ. ನನ್ನಂಥ ಪಾಪಿ ಇನ್ನೊಬ್ಬಳಿಲ್ಲ ಅನ್ನಿಸ್ತು."

ಮಗಳು ಸಿಕ್ಕಿದ್ದು ರೈಲ್ವೆ ನಿಲ್ದಾಣದ ಹಿಂದೆ, ತೂಕ ಮೂವತ್ತೆಂಟು ಕಿಲೋ. ಚಟ ಬಿಡಿಸುವ ಕೇಂದ್ರದಲ್ಲಿ ಗಂಡಸರಿಗೆ ನಲವತ್ತು ಹಾಸಿಗೆ, ಹೆಂಗಸರಿಗೆ ಎಂಟು. ಸರದಿ ಬರುವವರೆಗೆ ಐದು ತಿಂಗಳು ಕಾದರು. ಆ ಐದು ತಿಂಗಳು ಹೇಗೆ ಕಳೆಯಿತು ಎಂದು ಕೇಳಬೇಡಿ ಎಂದಿದ್ದಾರೆ, ಕೇಳಿಲ್ಲ. ಕೇಂದ್ರದಲ್ಲಿ ನಲವತ್ತೆರಡು ದಿನ. ಮನೆಗೆ ಬಂದು ಇವತ್ತಿಗೆ ಇಪ್ಪತ್ತೊಂಬತ್ತು.

ಮಗಳು ಮನೆಗೆ ಬಂದ ಮೇಲೆ ಮಿನಾ ಆಂಟಿ ಮಾಡಿದ ತಪ್ಪನ್ನು ಬೇರೆ ಯಾವ ತಾಯಿಯೂ ಮಾಡಿರಲಾರಳು. ಬೇರೆ ತಾಯಂದಿರಿಗೆ ಆ ವಿದ್ಯೆ ಎಲ್ಲಿ ಗೊತ್ತು? ಟಿಕ್‌ನಿಂದಾಗಿ ನಿಂತುಹೋಗಿದ್ದ ಮುಟ್ಟು ಶಾಂಡ್ರೆಗೆ ಕೇಂದ್ರದಲ್ಲಿ ಮತ್ತೆ ಶುರುವಾಗಿತ್ತು. ತಾಯಿ ಬಚ್ಚಲಿನ ಕಸದ ಬುಟ್ಟಿಯನ್ನು ದಿನವೂ ಕದ್ದು ನೋಡಿ ಮೊದಲ ದಿನ ಯಾವುದೆಂದು ಹಿಡಿದರು. ಇಲಿಯ ನಾಲ್ಕು ದಿನದ ಸುತ್ತನ್ನು ಎಳೆದು ಇಪ್ಪತ್ತೆಂಟಕ್ಕೆ ಹಂಚಿದರು. ಅಡುಗೆಮನೆಯ ಬಾಗಿಲ ಹಿಂದೆ ನೇತುಹಾಕಿದ್ದ ಚರ್ಚಿನ ಕ್ಯಾಲೆಂಡರಿನಲ್ಲಿ, ಇಲಿಮನೆಯ ಹಲಗೆಯ ಮೇಲೆ ಹಾಕುವಂಥದೇ ಚುಕ್ಕಿಗಳನ್ನು ಹಾಕಿದರು. ಚಕ್ಕೆ ದಿನಗಳಿಗೆ ಕೆಂಪು. ಕೆಂಪು ಚುಕ್ಕಿಯ ದಿನ ಕಬ್ಬಿಣದ ಗೇಟಿಗೆ ಹೊರಗಿನಿಂದ ಬೀಗ ಜಡಿದು, ಕೀಲಿಯನ್ನು ಪಕ್ಕದ ಮನೆಯ ಗಾದೀಜಾಗೆ ಕೊಟ್ಟು ಕೆಲಸಕ್ಕೆ ಬಂದರು. ಮನೆಗೆ ಬೆಂಕಿ ಬಿದ್ದರೆ ಏನು ಗತಿ ಎಂದು ಗಾದೀಜಾ ಬೈದರೆ, "ಹೊರಗಿರೋ ಬೆಂಕಿಗಿಂತ ಅದೇ ವಾಸಿ," ಎಂದರಂತೆ.

ಮನೆಗೆ ಬಂದ ಹನ್ನೊಂದನೆಯ ದಿನ ಶಾಂಡ್ರೆ ಪೊರಕೆ ಹುಡುಕುತ್ತಾ ಬಾಗಿಲ ಹಿಂದೆ ನೋಡಿದಳು. ತಾಯಿ ಕೆಲಸದಿಂದ ಬಂದು ಬೀಗ ತೆಗೆದು ಒಳಗೆ ಕಾಲಿಟ್ಟಾಗ ಕ್ಯಾಲೆಂಡರು ಮೇಜಿನ ಮೇಲಿತ್ತು.

"ಏನಿದು ಕೆಂಪು?"

"ಏನಿಲ್ಲ ಕಣೇ. ಚರ್ಚಿಂದು."

"ಚರ್ಚಿಂದಾ? ಚರ್ಚಿನೋರಿಗೆ ನನ್ನ ಮುಟ್ಟಿನ ದಿನ ಯಾರು ಹೇಳಿದ್ರು?" ಮಗಳ ದನಿ ಏರಿತು. "ಕಸದ ಬುಟ್ಟಿ ಕೆದಕಿದ್ಯಾ? ಹೇಳು. ಕೆದಕಿದ್ಯಾ?"

ತಾಯಿ ಕ್ಯಾಲೆಂಡರನ್ನು ಮಡಚಿಡಲು ಹೋದರು.

"ನಾನು ನಿನ್ನ ಇಲಿನಾ ಮಮ್ಮಿ? ಎಷ್ಟನೇ ನಂಬರ್ ಪೆಟ್ಟಿಗೆ ನಂದು? ನಲವತ್ತೊಂಬತ್ತಾ?"

ಅಷ್ಟೇ. ಚಪ್ಪಲಿಯನ್ನೂ ಮೆಟ್ಟದೆ ತೆರೆದ ಗೇಟಿನಿಂದ ಹೊರಟುಹೋದಳು. ಅವತ್ತು ಕೆಂಪು ಚುಕ್ಕಿಯ ದಿನ.

ಮಧ್ಯಾಹ್ನ ಮೂರು ಗಂಟೆ. ಎಲ್ರಿಕೋನ ಮನೆ ಇರುವುದು ಎರಡು ಗುಂಪುಗಳು ಗುಂಡು ಹಾರಿಸಿಕೊಳ್ಳುವ ರಸ್ತೆಯ ಆಚೆ. ಆ ವಾರದಲ್ಲೇ ಅಲ್ಲಿ ಇಬ್ಬರು ಬಿದ್ದಿದ್ದರು. ಗಾದೀಜಾ ತಮ್ಮ ಮನೆಯಿಂದ ದೊಡ್ಡ ತಟ್ಟೆಯೊಂದನ್ನು ತಂದು, ಬಟ್ಟೆ ಮುಚ್ಚಿ, ಮಿನಾ ಆಂಟಿಯ ಕೈಗೆ ಕೊಟ್ಟರು. ತಟ್ಟೆಯಲ್ಲಿ ಏನೂ ಇರಲಿಲ್ಲ.

"ಹಿಡ್ಕೊಳೇ. ತಟ್ಟೆ ಹಿಡಿದ ಹೆಂಗಸರನ್ನ ಆ ಪೋಲಿಗಳೂ ಮುಟ್ಟಲ್ಲ. ಯಾರೋ ಸತ್ತ ಮನೆಗೆ ತಿಂಡಿ ಒಯ್ತಿದಾರೆ ಅಂದ್ಕೋತಾರೆ. ತಲೆ ತಗ್ಗಿಸಿ ನಡಿ, ಓಡಬೇಡ."

"ಬಟ್ಟೆ ಎತ್ತಿ ನೋಡಿದ್ರೆ ಗಾದೀಜಾ?"

"ನೋಡಲ್ಲ, ನಡಿ. ಅಳೋದಾದ್ರೆ ಅಳು, ಇನ್ನೂ ಒಳ್ಳೇದು, ಸಾವಿನ ಮನೆ ಅಂತ ನಂಬ್ತಾರೆ."

ಇಬ್ಬರು ಹೆಂಗಸರು ಖಾಲಿ ತಟ್ಟೆ ಹೊತ್ತು ಆ ರಸ್ತೆ ದಾಟಿದರು. ಮೂಲೆಯಲ್ಲಿ ನಿಂತಿದ್ದ ನಾಲ್ವರು ಟೋಪಿ ತೆಗೆದು ದಾರಿ ಬಿಟ್ಟರಂತೆ. ಎಲ್ರಿಕೋ ಬಾಗಿಲು ತೆಗೆದ. ಮಡಿಕೆ ಮುರಿಯದ ಅಂಗಿ, ಬಾಚಿದ ತಲೆ. "ಇಲ್ಲಿಗೆ ಬಂದಿಲ್ಲ ಆಂಟಿ. ಬಂದ್ರೆ ಕಳಿಸ್ತೀನಿ," ಎಂದ. ಅವನ ಹಿಂದೆ ಮೇಜಿನ ಮೇಲೆ ಗಾಜಿನ ಬುರುಡೆ ಹಗಲು ಬೆಳಕಿನಲ್ಲೇ ಕಾಣುತ್ತಿತ್ತು. ಅವನನ್ನು ನೋಡಿ ಸಿಟ್ಟು ಬರಲಿಲ್ಲವೇ? "ಬಂತು. ಅವನ ಮೇಲಲ್ಲ. ಅದೇ ವಿಷ, ಅವನಿಗೆ ಅಂಗಿ ಮಡಿಕೆ ಕೂಡ ಕೆಡಿಸಿಲ್ಲ, ನನ್ನ ಕೂಸಿನ ಹಲ್ಲು ಉದುರಿಸ್ತಲ್ಲ, ಅದರ ಮೇಲೆ."

ಬಸ್ ನಿಲ್ದಾಣ, ಪಾಳು ಮೈದಾನ, ರೈಲ್ವೆ ಹಳಿ. ಎಲ್ಲೂ ಇಲ್ಲ. ಎರಡು ಗಂಟೆ ಕಳೆದು, ಇನ್ನು ಆಸ್ಪತ್ರೆಯೊಂದೇ ಉಳಿದಿದೆ ಎಂದು ಚೀಲ ತರಲು ಮನೆಗೆ ಬಂದರೆ, ಶಾಂಡ್ರೆ ಹೊಸಿಲ ಮೆಟ್ಟಿಲ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಅಂಗಾಲಿನಲ್ಲಿ ಗಾಜು ಚುಚ್ಚಿ ರಕ್ತ ಬಂದಿತ್ತು.

"ಬಾಗಿಲ ತನಕ ಹೋಗಿದ್ದೆ," ಎಂದಳು. ಟಿಕ್ ಮಾರುವ ಮನೆಯ ಬಾಗಿಲು, ಯಾರದೆಂದು ಕೇಳುವ ಅಗತ್ಯವಿರಲಿಲ್ಲ. "ಕೈ ಎತ್ತಿದ್ದೆ, ತಟ್ಟೋಕೆ. ಒಳಗೆ ನಾಯಿ ಬೊಗಳ್ತು, ಹೆದರಿ ಹಿಂದೆ ಸರಿದೆ. ಹಾಗೇ ವಾಪಸ್ ಬಂದೆ. ನಾಯಿ ಇಲ್ದೇ ಇದ್ದಿದ್ರೆ ಏನು ಮಾಡ್ತಿದ್ನೋ ಗೊತ್ತಿಲ್ಲ ಮಮ್ಮಿ. ಸುಳ್ಳು ಹೇಳಲ್ಲ."

ಮಿನಾ ಆಂಟಿ ಪಕ್ಕದಲ್ಲಿ ಕೂತು ಕಾಲಿನ ಗಾಜು ತೆಗೆದರು. ಆಗ ಮಗಳು ಒಂದು ಪ್ರಶ್ನೆ ಕೇಳಿದಳು.

"ಆ ಇಲಿಗಳು ಗುಂಡಿ ಒತ್ತೋದು ಬಿಡೋಕೆ ಎಷ್ಟು ದಿನ ಬೇಕು?"

"ಗಂಡಿಗೆ ಎರಡು ಮೂರು ವಾರ."

"ಹೆಣ್ಣಿಗೆ?"

"ಹೆಣ್ಣಿಗೆ ಜಾಸ್ತಿ ಬೇಕು ಕಣೇ."

"ಬಿಡದೇ ಇರೋವೂ ಇದಾವಾ?"

ತಾಯಿಗೆ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಗಳು ಆಗ ತಾನೆ ನಾಯಿಯ ವಿಷಯ ನಿಜ ಹೇಳಿದ್ದಳಲ್ಲ. "ಇದಾವೆ," ಎಂದರು.

"ಥೂ ನಿನ್ನ! ಒಂದು ಸುಳ್ಳಾದ್ರೂ ಹೇಳಬಾರ್ದಾ?" ಎಂದು ಶಾಂಡ್ರೆ ನಕ್ಕಳು, ನಗುತ್ತಾ ಇದ್ದವಳು ಅತ್ತಳು. ಮೂಗು ಒರೆಸಿಕೊಂಡು ಕೇಳಿದಳು. "ಹಾಗಾದ್ರೆ ನಾನು ನಡತೆಗೆಟ್ಟವಳಲ್ವಾ?"

"ಅಲ್ಲ. ನಾನು ಅಂದಿದ್ದು ತಪ್ಪು. ಮೊದಲನೇ ಸಲ ಎಳೆದದ್ದು ನಿನ್ನ ತಪ್ಪು, ಆಮೇಲಿಂದೆಲ್ಲ ನಿಂದೊಬ್ಬಳದೇ ಅಲ್ಲ. ನನ್ನ ಕ್ಷಮಿಸು ಮಗಳೇ."

ಕ್ಯಾಲೆಂಡರನ್ನು ಇಬ್ಬರೂ ಸೇರಿ ಹರಿದರು. ಬೀಗದ ಕೀಲಿ ಶಾಂಡ್ರೆಯ ಕೈಗೆ ಹೋಯಿತು. ಅವಳ ಷರತ್ತು ಮೂರು. ಬುಟ್ಟಿ ನೋಡಬಾರದು, ಚುಕ್ಕಿ ಹಾಕಬಾರದು, ಗಾದೀಜಾರನ್ನು ಗೂಢಚಾರಿಕೆಗೆ ಕಳಿಸಬಾರದು. "ನನ್ನ ಮೈ ಹೇಗಿದೆ ಅಂತ ನಾನೇ ಬಾಯಿಬಿಟ್ಟು ಹೇಳ್ತೀನಿ, ದಿನಾ ಬೆಳಿಗ್ಗೆ. ನೀನು ನಂಬಬೇಕು."

ಮರುದಿನ ಮಿನಾ ಆಂಟಿ ಡಾ. ದ್ಯಾನಿಯ ಮುಂದೆ ನಿಂತು ಎಲ್ಲ ಒಪ್ಪಿಸಿದರು. ವಿಜ್ಞಾನಿಗೆ ಸಿಟ್ಟು ಬಂತು, ಆಮೇಲೆ ಮರುಕ ಬಂತು. "ಇಲಿಗೆ ನಾಲ್ಕು ದಿನ, ಅಷ್ಟೇ ಅದರ ಪ್ರಪಂಚ. ನಿಮ್ಮ ಮಗಳಿಗೆ ನೆನಪಿದೆ, ಸಿಟ್ಟಿದೆ, ಬೀದಿ ಇದೆ. ಇವನ್ನೆಲ್ಲ ನಾನು ಯಾವ ಪೆಟ್ಟಿಗೇಲಿ ಹಾಕಿ ಅಳೀಲಿ ಆಂಟಿ? ಈ ಕೋಣೇಲಿ ಕಂಡದ್ದು ಹೆಂಗಸರಿಗೆ ಎಷ್ಟರ ಮಟ್ಟಿಗೆ ಹೊಂದುತ್ತೆ ಅಂತ ನಮಗೇ ಇನ್ನೂ ಪೂರ್ತಿ ಗೊತ್ತಿಲ್ಲ. ನೀವು ಅದನ್ನ ಬಾಗಿಲ ಹಿಂದೆ ನೇತುಹಾಕಿಬಿಟ್ರಿ!" ಎಂದರು. ಆಮೇಲೆ, "ನಿಮ್ಮ ಮೊದಲ ತಿಂಗಳು ನೆನಪಿದೆಯಾ?" ಎಂದು ಕೇಳಿದರು.

ನೆನಪಿಲ್ಲದೆ ಏನು? ಕಡ್ಡಿ ಹಿಡಿಯುವುದು ಹೊಸತು. ಸರಿಯಾಗಿ ನೋಡಬೇಕೆಂಬ ಆತುರಕ್ಕೆ ಮಿನಾ ಆಂಟಿ ತುಸು ಒತ್ತಿ, ತುಸು ಆಳಕ್ಕೆ ತಾಗಿಸುತ್ತಿದ್ದರು. ಹದಿನಾಲ್ಕು ಇಲಿಗಳ ಸುತ್ತು ಇದ್ದಕ್ಕಿದ್ದಂತೆ ನಿಂತುಹೋಯಿತು. ಗಂಡಿನ ಮುಖವನ್ನೇ ಕಾಣದವು ಬಸುರಾದೆವೆಂದು ಭ್ರಮಿಸಿ, ಎರಡು ವಾರ ಹುಲ್ಲು ಗುಡ್ಡೆ ಹಾಕಿಕೊಂಡು ಕೂತವು. ನೋಡುವ ಕೈಯೇ ಭಾರವಾಗಿ ನೋಡಬೇಕಾದ್ದು ಕೆಟ್ಟಿತ್ತು. "ಡಾಕ್ಟರಮ್ಮ ಅಷ್ಟು ಹೇಳಿ ಎದ್ದು ಹೋದ್ರು. ನಂಗೆ ಅರ್ಥ ಆಯ್ತು," ಎನ್ನುತ್ತಾರೆ ಮಿನಾ ಆಂಟಿ.

ಡಾ. ದ್ಯಾನಿಯ ಲೇಖನಗಳು ದೂರದ ದೇಶಗಳಲ್ಲಿ ಅಚ್ಚಾಗುತ್ತವೆ. ಅವುಗಳ ಕೊನೆಯಲ್ಲಿ ಕೃತಜ್ಞತೆಯ ಸಾಲೊಂದಿರುತ್ತದೆ, ಅದರಲ್ಲಿ ಯಂತ್ರಗಳ ಹೆಸರು ಇರುತ್ತದೆ, "ಪ್ರಾಣಿಗೃಹದ ಸಿಬ್ಬಂದಿ" ಎಂದೂ ಇರುತ್ತದೆ. ಈ ಸಲ ಹೆಸರು ಹಾಕುತ್ತೇನೆ ಎಂದು ವಿಜ್ಞಾನಿ ಹಟ ಹಿಡಿದಿದ್ದಾರೆ. "ಹಾಕ್ಲಿ ಬಿಡಿ, ಬೇಡ ಅನ್ನಲ್ಲ. ಆದ್ರೆ ಅದನ್ನ ಓದೋರ್ಯಾರೂ ಎಲ್ಸೀಸ್ ರಿವರಲ್ಲಿ ಇಲ್ಲ. ನಮ್ಮ ಬೀದಿಯಲ್ಲಿ ಯಾರಾದ್ರೂ ಒಬ್ಬ ತಾಯಿಗೆ ಇದು ಗೊತ್ತಾದ್ರೆ ಸಾಕಿತ್ತು, ಮಗಳ ಬಟ್ಟೆ ಚೀಲಕ್ಕೆ ತುಂಬೋಕೆ ಮೊದಲು."

ಮಗಳ ಜೊತೆ ಮೆಟ್ಟಿಲ ಮೇಲೆ ಆ ಮಾತುಕತೆಯಾದ ಮೇಲೆ ಹದಿನೆಂಟು ಬೆಳಗು ಕಳೆದಿವೆ. ಹದಿನಾಲ್ಕು ದಿನ ಶಾಂಡ್ರೆ "ಪರವಾಗಿಲ್ಲ" ಎಂದಳು. ಮೂರು ದಿನ "ಗೊತ್ತಿಲ್ಲ" ಎಂದಳು. ಇವತ್ತು ಮೊದಲ ಸಲ ಬಂದಿದೆ "ಕಷ್ಟ". ಮಿನಾ ಆಂಟಿಯ ಹಳೆಯ ಕ್ಯಾಲೆಂಡರಿನ ಪ್ರಕಾರ ಇವತ್ತು ಸಲೀಸಾದ ದಿನ, ಕೆಂಪಲ್ಲ. ಆ ಲೆಕ್ಕವನ್ನೇ ನೆಚ್ಚಿಕೊಂಡಿದ್ದರೆ ಇವತ್ತು ನಿಶ್ಚಿಂತೆಯಿಂದ ಬಂದುಬಿಡುತ್ತಿದ್ದರು ಎಂದು ನೆನೆದರೇ ಅವರಿಗೆ ಮೈ ಬೆವರುತ್ತದೆ.

ಹನ್ನೊಂದೂವರೆ. ಪೆಟ್ಟಿಗೆಗಳಿಗೆ ಹೊಸ ಮರದ ಹೊಟ್ಟು ಹಾಕಿದ್ದಾಗಿದೆ. ನೀರಿನ ಬಾಟಲಿ ತೊಂಬತ್ತಾರೂ ತುಂಬಿದ್ದಾಗಿದೆ. ಪಕ್ಕದ ಕೋಣೆಯಲ್ಲಿ ದೀಪ ಹೊತ್ತಿದೆ, ಟಕಟಕ ಶುರುವಾಗಿದೆ. ಮಿನಾ ಆಂಟಿ ಗೋಡೆ ಗಡಿಯಾರವನ್ನು ನೋಡುತ್ತಾರೆ, ಐದು ನಿಮಿಷವಾಯಿತೆಂದುಕೊಂಡು ಮತ್ತೆ ನೋಡುತ್ತಾರೆ, ಒಂದೇ ನಿಮಿಷವಾಗಿದೆ. ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಾರೆ.

ಹನ್ನೆರಡೂವರೆಗೆ ಕಪಾಟು ತೆಗೆದು ಫೋನು ಹಿಡಿಯುತ್ತಾರೆ. ಯಾವ ಸಂದೇಶವೂ ಇಲ್ಲ. ಕರೆ ಮಾಡುತ್ತಾರೆ. ಕೊನೆಯವರೆಗೆ ರಿಂಗಾಗಿ ನಿಲ್ಲುತ್ತದೆ. ಮತ್ತೆ ಮಾಡುತ್ತಾರೆ, ಮತ್ತೆ ನಿಲ್ಲುತ್ತದೆ. ಗಾದೀಜಾಗೆ ಮಾಡಬಹುದು, ಅವರು ಒಂದೇ ಓಟಕ್ಕೆ ಹೋಗಿ ನೋಡಿ ಬಂದಾರು. ಹೆಬ್ಬೆರಳು ಗಾದೀಜಾರ ಹೆಸರಿನ ಮೇಲೆ ಹೋಗಿ ನಿಲ್ಲುತ್ತದೆ. ಕಳಿಸಬಾರದು ಎಂದು ಮಾತಾಗಿದೆ. ಮಿನಾ ಆಂಟಿ ಬೆಂಚಿನ ಮೇಲೆ ಕೂತು, "ದೇವರೇ, ದೇವರೇ, ದೇವರೇ" ಎನ್ನುತ್ತಾ ಮೂರನೆಯ ಸಲ ಮಗಳ ಹೆಸರನ್ನೇ ಒತ್ತುತ್ತಾರೆ.

"ಏನ್ ಮಮ್ಮಿ?"

ಸೇದಿದೆಯಾ ಎಂದು ಕೇಳುವ ಹಾಗಿಲ್ಲ. ಎಲ್ಲಿದ್ದೀಯ, ಫೋನ್ ಯಾಕೆ ಎತ್ತಲಿಲ್ಲ ಎಂದೂ ಕೇಳುವ ಹಾಗಿಲ್ಲ. ದನಿ ಕೇಳಿ ಹೇಳಲಾಗುವುದಿಲ್ಲ, ಆ ಹೊಗೆ ಎಳೆದವರ ದನಿ ಮೊದಮೊದಲು ಜೇನಿನ ಹಾಗಿರುತ್ತದೆ. ಮಿನಾ ಆಂಟಿ ಕೇಳುವುದು ಇಷ್ಟೇ.

"ಊಟ ಆಯ್ತಾ?"

ಎಲ್ಲ ತಾಯಂದಿರೂ ಕೇಳುವ ಮಾತು. ಆದರೆ ಟಿಕ್ ಇರುವ ಮನೆಯಲ್ಲಿ ಇದಕ್ಕಿಂತ ಭಯದ ಮಾತು ಇನ್ನೊಂದಿಲ್ಲ. ಆ ಹೊಗೆ ಮೊದಲು ಕೊಲ್ಲುವುದು ಹಸಿವನ್ನು. ಆ ಕಾಲದಲ್ಲಿ ಶಾಂಡ್ರೆ ಮೂರು ಮೂರು ದಿನ ಒಂದು ತುತ್ತು ಮುಟ್ಟುತ್ತಿರಲಿಲ್ಲ, ತಟ್ಟೆ ಮುಂದಿಟ್ಟರೆ ವಾಕರಿಸುತ್ತಿದ್ದಳು.

"ಇನ್ನೂ ಇಲ್ಲ," ಎನ್ನುತ್ತದೆ ಫೋನು.

ಮಿನಾ ಆಂಟಿ ಕಣ್ಣು ಮುಚ್ಚುತ್ತಾರೆ.

"ಬೆಳಿಗ್ಗೆಯಿಂದ ಬಚ್ಚಲಲ್ಲಿ ಕೂತು ಅಳ್ತಿದ್ದೆ. ಎರಡು ಸಲ ಗೇಟು ತೆಗೆದೆ, ಎರಡು ಸಲ ಹಾಕಿದೆ. ಈಗ ಹೊಟ್ಟೆ ಚುರುಗುಟ್ತಿದೆ ಮಮ್ಮಿ, ತಡೆಯೋಕಾಗ್ತಿಲ್ಲ. ಮನೇಲಿ ಬ್ರೆಡ್ ಒಂದು ಚೂರೂ ಇಲ್ಲ, ನೋಡಿ ಹೋಗಬಾರ್ದಾ ನೀನು? ಬರ್ತಾ ಬ್ರೆಡ್ ತಗೊಂಡ್ಬಾ. ಬಿಸಿ ಚಿಪ್ಸೂ ತಗೊಂಡ್ಬಾ, ವಿನೆಗರ್ ಜಾಸ್ತಿ ಹಾಕ್ಸು. ಪೊಟ್ಟಣ ಬಿಚ್ಚಿ ದಾರೀಲಿ ನೀನೇ ತಿನ್ನಬೇಡ ಮತ್ತೆ."

"ಹೂಂ ಕಣೇ. ಹೂಂ. ತರ್ತೀನಿ," ಎನ್ನುತ್ತಾರೆ ತಾಯಿ. ಫೋನು ಇಟ್ಟ ಮೇಲೂ ಸ್ವಲ್ಪ ಹೊತ್ತು ಹೂಂ ಎನ್ನುತ್ತಲೇ ಇರುತ್ತಾರೆ. ಊಟದ ಕೋಣೆಯಲ್ಲಿ ಕಾವಲುಗಾರನಿದ್ದಾನೆ, ಇಬ್ಬರು ವಿದ್ಯಾರ್ಥಿನಿಯರಿದ್ದಾರೆ, ಡಾ. ದ್ಯಾನಿ ನಿಂತೇ ಚಹಾ ಕುಡಿಯುತ್ತಿದ್ದಾರೆ. ಕೆಂಪಾದ ಕಣ್ಣಿನ ಮಿನಾ ಆಂಟಿ ಬಾಗಿಲಲ್ಲಿ ಬಂದು ನಿಂತದ್ದನ್ನು ಕಂಡು ಎಲ್ಲರೂ ಗಾಬರಿಯಿಂದ ಅವರ ಕಡೆ ತಿರುಗುತ್ತಾರೆ.

"ನನ್ನ ಮಗಳಿಗೆ ಹಸಿವಾಗಿದೆಯಂತೆ," ಎನ್ನುತ್ತಾರೆ ಮಿನಾ ಆಂಟಿ.